ವಿದೇಶದಲ್ಲಿ ಇಂಗ್ಲಿಷ್ ಪಾಠ: ಮೊದಲ ಸಂಬಳ ಕೈಗೆ ಬರುವ ಮುನ್ನ

ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ 1983ರ ವಲಸೆ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತರಲು ಕೇಂದ್ರ ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಕರಡು ಮಸೂದೆ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಕೇಂದ್ರಗಳಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಗಿತ್ತು. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸ ಎಂಬ ಮಾತು ನಂಬಿ ಹೊರಟವರು ಅವರಲ್ಲಿ ಅನೇಕರು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದ ಶಿಕ್ಷಕರಲ್ಲಿ ಗೊಂದಲ ಹುಟ್ಟುವುದು ಸಹಜ. ದುಬೈಯ ಶಾಲೆಗೋ ಬ್ಯಾಂಕಾಕಿನ ಭಾಷಾ ಕೇಂದ್ರಕ್ಕೋ ಇಂಗ್ಲಿಷ್ ಕಲಿಸಲು ಹೊರಟ ಬಿ.ಇಡಿ. ಪದವೀಧರರಿಗೆ ಸರ್ಕಾರದ ಅನುಮತಿ ಬೇಕೇ? ಲೈಸೆನ್ಸ್ ಇರುವ ಏಜೆಂಟ್ ಎಂದರೆ ಸರ್ಕಾರವೇ ಖಾತರಿ ಕೊಟ್ಟ ಹಾಗೆಯೇ? ಏಜೆಂಟ್ ಕೇಳುವ ದುಡ್ಡಿಗೆ ಮಿತಿ ಇದೆಯೇ?

ಸುದ್ದಿಯಾಗುವುದು ಪೂರ್ತಿ ಮೋಸದ ಪ್ರಕರಣಗಳು. ಆದರೆ ಹೆಚ್ಚಿನ ಶಿಕ್ಷಕರು ದುಡ್ಡು ಕಳೆದುಕೊಳ್ಳುವುದು ಅಸಲಿ ಶಾಲೆಯ ಅಸಲಿ ಒಪ್ಪಂದದಲ್ಲಿ. ಖರ್ಚೆಲ್ಲ ಮೊದಲ ಸಂಬಳಕ್ಕಿಂತ ಮುಂಚೆ ಬರುತ್ತದೆ ಮತ್ತು ಬಹುಪಾಲು ಶಿಕ್ಷಕರ ತಲೆಯ ಮೇಲೆ ಬೀಳುತ್ತದೆ. ಶಾಲೆ ಕೊಡಬೇಕಾದ ಟಿಕೆಟ್ ಹಣ, ಬೋನಸ್, ಗ್ರಾಚ್ಯುಟಿಗಳೆಲ್ಲ ಒಪ್ಪಂದದ ಕೊನೆಯಲ್ಲಿ ಬರುತ್ತವೆ. ನಡುವೆ ಏನೇ ಕೆಟ್ಟರೂ ನಷ್ಟ ಶಿಕ್ಷಕರದೇ.

ಪದವೀಧರರ ಒಪ್ಪಂದವನ್ನು ಯಾರೂ ನೋಡುವುದಿಲ್ಲ

ಈಗಿನ ವ್ಯವಸ್ಥೆ ಪಾಸ್‌ಪೋರ್ಟ್‌ಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ವಲಸೆ ತಪಾಸಣೆ ಬೇಕಾದ) ವರ್ಗದ್ದು. ಅವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಕಡ್ಡಾಯ. ಕೊಲ್ಲಿಯ ಆರು ದೇಶಗಳ ಜೊತೆಗೆ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾಗಳೂ ಆ ಪಟ್ಟಿಯಲ್ಲಿವೆ. ಅನುಮತಿ ಕೊಡುವ ಮುನ್ನ ಅಧಿಕಾರಿ ಕೆಲಸದ ಒಪ್ಪಂದ, ವೀಸಾ, ಮಾಲೀಕನ ವಿವರಗಳನ್ನು ನೋಡುತ್ತಾರೆ. 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಕಡ್ಡಾಯವಾಗಿ ಜೊತೆಗೆ ಬರುತ್ತದೆ.

ಪದವಿ ಇರುವ ಶಿಕ್ಷಕರು ಈ ಜಾಲರಿಯಿಂದ ಹೊರಗೆ. ಅವರ ಪಾಸ್‌ಪೋರ್ಟ್‌ಗೆ ಇಸಿಆರ್ ಮುದ್ರೆ ಇರುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಒಪ್ಪಂದದ ಪ್ರತಿ ಕೇಳುವವರೂ ಇಲ್ಲ. ಓದಿದವರು ತಮ್ಮ ಹಿತವನ್ನು ತಾವೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಈ ವಿನಾಯಿತಿಯ ಹಿಂದಿದೆ. ಅರಬ್ಬಿಯಲ್ಲಿ, ಥಾಯ್ ಭಾಷೆಯಲ್ಲಿ ಬರೆದ ಒಪ್ಪಂದದ ಮುಂದೆ ಆ ನಂಬಿಕೆ ನಿಲ್ಲುವುದಿಲ್ಲ.

ಸರ್ಕಾರ ಇದನ್ನು ಸರಿಪಡಿಸಲು ಒಮ್ಮೆ ಕೈಹಾಕಿತ್ತು. 2018ರ ನವೆಂಬರ್‌ನಲ್ಲಿ, 18 ದೇಶಗಳಿಗೆ ಕೆಲಸಕ್ಕೆ ಹೋಗುವ ಇಸಿಎನ್ಆರ್ (ವಲಸೆ ತಪಾಸಣೆ ಬೇಕಿಲ್ಲದ) ವರ್ಗದವರೂ ಪ್ರಯಾಣಕ್ಕೆ 24 ಗಂಟೆ ಮೊದಲು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ವಿಮಾನ ಹತ್ತಲು ಬಿಡುವುದಿಲ್ಲ ಎಂಬ ಸೂಚನೆ ಹೊರಟಿತು. ಕೊಲ್ಲಿ ದೇಶಗಳಲ್ಲಿ ಆಗಲೇ ನೆಲೆಸಿದ್ದ ಉದ್ಯೋಗಿಗಳು, ರಜೆಗೆ ಬಂದವರು ನಿಲ್ದಾಣದಲ್ಲಿ ಸಿಕ್ಕಿಕೊಳ್ಳುತ್ತೇವೆಂದು ಆತಂಕಗೊಂಡರು. ತಿಂಗಳೊಳಗೆ ಆ ಸೂಚನೆಯನ್ನು ತಡೆಹಿಡಿಯಲಾಯಿತು. ಸ್ವಯಂಪ್ರೇರಿತ ನೋಂದಣಿ ಮಾತ್ರ ಉಳಿಯಿತು, ಅದನ್ನು ಮಾಡಿಕೊಳ್ಳುವ ಶಿಕ್ಷಕರು ಕಡಿಮೆ. ಹಾಗೆಂದು ಅದು ವ್ಯರ್ಥವಲ್ಲ. ಮುಂದೆ ರಾಯಭಾರ ಕಚೇರಿಯ ನೆರವು ಬೇಕಾದಾಗ ನೀವು ಯಾರ ಬಳಿ, ಯಾವ ಕೆಲಸಕ್ಕೆ ಹೋದಿರಿ ಎಂಬ ದಾಖಲೆ ಮೊದಲೇ ಇರುತ್ತದೆ.

ಏಜೆಂಟರ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸಲು ನೋಂದಣಿ ಬೇಕೇ ಬೇಕು. ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 35,400 ರೂಪಾಯಿ, ಅದಕ್ಕೆ ರಸೀದಿ ಕೊಡಬೇಕು. ಆದರೆ ಶಿಕ್ಷಕರ ನೇಮಕಾತಿ ಬಹುಪಾಲು ನಡೆಯುವುದು ‘ಓವರ್‌ಸೀಸ್ ಕನ್ಸಲ್ಟೆನ್ಸಿ’ ಎಂಬ ಬೋರ್ಡಿನಡಿ. ವಿದ್ಯಾರ್ಥಿ ವೀಸಾ ಮಾಡಿಸಿಕೊಡುವ ಕಚೇರಿಗೆ ಉದ್ಯೋಗಕ್ಕೆ ಕಳಿಸುವ ಪರವಾನಗಿ ಇರಬೇಕೆಂದೇನಿಲ್ಲ. ಅಂಥ ಕಡೆ ಸೇವಾ ಶುಲ್ಕ ಎಂಬ ಪದವೇ ರಸೀದಿಯಲ್ಲಿ ಕಾಣುವುದಿಲ್ಲ. ತರಬೇತಿ, ಡಾಕ್ಯುಮೆಂಟೇಷನ್, ಪ್ರೊಸೆಸಿಂಗ್ ಎಂದು ಹಣವನ್ನು ಹಂಚಿ ಬರೆದರೆ ಮಿತಿ ದಾಟಿದ್ದು ಕಾಗದದಲ್ಲಿ ಗೊತ್ತಾಗುವುದಿಲ್ಲ. ಆದ್ದರಿಂದ ಇ-ಮೈಗ್ರೇಟ್‌ನಲ್ಲಿ ಏಜೆನ್ಸಿಯ ಹೆಸರು, ವಿಳಾಸ, ಲೈಸೆನ್ಸ್‌ನ ಅವಧಿ ಮೂರನ್ನೂ ಹೋಲಿಸಿ ನೋಡಬೇಕು. ಬೇರೆ ಊರಿನ ಏಜೆನ್ಸಿಯ ಲೈಸೆನ್ಸ್ ನಂಬರ್ ತೋರಿಸಿ ‘ನಾವು ಅವರ ಬ್ರಾಂಚ್’ ಎನ್ನುವವರಿದ್ದಾರೆ. ಆ ಬ್ರಾಂಚ್ ಕೂಡ ಪಟ್ಟಿಯಲ್ಲಿ ಇರಬೇಕು.

ಸರ್ಟಿಫಿಕೇಟ್ ಪಾಸ್‌ಪೋರ್ಟನ್ನು ಬದಲಿಸುವುದಿಲ್ಲ

‘120 ಗಂಟೆಯ ಟೆಫಲ್ (ಇಂಗ್ಲಿಷ್ ಕಲಿಸುವ ತರಬೇತಿ) ಕೋರ್ಸ್ ಮಾಡಿ, ಯಾವ ದೇಶದಲ್ಲಾದರೂ ಕಲಿಸಿ’ ಎಂಬ ಜಾಹೀರಾತಿಗೆ ದುಡ್ಡು ಕಟ್ಟುವ ಮೊದಲು ವೀಸಾ ನಿಯಮ ನೋಡಬೇಕು. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಕೊಡುವ ಇ-2 ವೀಸಾ ಮೂಲತಃ ಏಳು ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತ–ಕೊರಿಯಾ ಆರ್ಥಿಕ ಒಪ್ಪಂದ 2010ರಲ್ಲಿ ಜಾರಿಗೆ ಬಂದಾಗ, ಶಿಕ್ಷಕ ಅರ್ಹತೆ ಇರುವ ಭಾರತೀಯರಿಗೆ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗುವ ಸಣ್ಣ ಕಿಂಡಿಯೊಂದು ತೆರೆಯಿತು. ಆದರೆ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಅದು ಅನ್ವಯಿಸುವುದಿಲ್ಲ. ಚೀನಾದಲ್ಲೂ ಸಾಮಾನ್ಯ ನಿಯಮ ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪರವಾಗಿಯೇ ಇದೆ.

ಜಪಾನಿನ ನಿಯಮ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೇರವಾಗಿ ತಟ್ಟುತ್ತದೆ. ಶಾಲೆಗಳಲ್ಲಿ ಭಾಷೆ ಕಲಿಸುವವರಿಗೆ ಕೊಡುವ ಬೋಧಕ ವೀಸಾಕ್ಕೆ, ಕಲಿಸಲಿರುವ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿದ್ದು, ಪಿಯುಸಿ, ಬಿ.ಎ., ಎಂ.ಎ. ಇಂಗ್ಲಿಷಿನಲ್ಲಿ ಮುಗಿಸಿದವರ ಲೆಕ್ಕ ಏಳು ವರ್ಷಕ್ಕೆ ನಿಲ್ಲುತ್ತದೆ. ಇಂಗ್ಲಿಷ್ ಎಷ್ಟೇ ಚೆನ್ನಾಗಿ ಬಂದರೂ ಕಾಗದ ಒಪ್ಪುವುದಿಲ್ಲ. ಥಾಯ್ಲೆಂಡ್ ಹೆಚ್ಚು ತೆರೆದಿದೆ: ಪದವಿ ಬೇಕು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟಾಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 600 ಅಂಕದಂಥ ಪುರಾವೆ ತೋರಿಸಬೇಕು, ಶಾಲೆಯಾದರೆ ಅಲ್ಲಿನ ಶಿಕ್ಷಕರ ಮಂಡಳಿಯ ತಾತ್ಕಾಲಿಕ ಅನುಮತಿಯೂ ಬೇಕು. ಕೊಲ್ಲಿಯ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ ಟೆಫಲ್‌ಗೆ ಬೆಲೆ ಅಷ್ಟಕ್ಕಷ್ಟೆ. ಅಲ್ಲಿ ನೋಡುವುದು ಬಿ.ಇಡಿ. ಮತ್ತು ಅನುಭವ.

ಖರ್ಚು ಎಲ್ಲಿ ಏರುತ್ತದೆ

ಮೊದಲ ಖರ್ಚು ದಾಖಲೆ ದೃಢೀಕರಣದ್ದು. ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ (ದಾಖಲೆ ಅಸಲಿ ಎಂದು ಒಪ್ಪಂದದ ದೇಶಗಳು ಒಪ್ಪುವ ಮುದ್ರೆ) ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್‌ಗೆ 500 ರೂಪಾಯಿ. ಸರ್ಕಾರಿ ಶುಲ್ಕ ಇಷ್ಟು ಕಡಿಮೆ ಇದ್ದರೂ ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳುವುದಕ್ಕೆ ಕಾರಣ ಹಂತಗಳ ಸಂಖ್ಯೆ. ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದ ಒಮಾನ್, ಬಹರೇನ್, ಸೌದಿಗಳಿಗೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ಅಪಾಸ್ಟಿಲ್ ಸಾಕು. ಯುಎಇ ಆ ಒಪ್ಪಂದದಲ್ಲಿಲ್ಲ. ಅಲ್ಲಿಗೆ ರಾಜ್ಯ, ವಿದೇಶಾಂಗ ಸಚಿವಾಲಯ, ಭಾರತದಲ್ಲಿನ ಯುಎಇ ರಾಯಭಾರ ಕಚೇರಿ, ಹೋದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯ ಹೀಗೆ ನಾಲ್ಕು ಮುದ್ರೆ ಬೀಳಬೇಕು. ಕೊನೆಯ ಎರಡು ಮುದ್ರೆಗಳ ಶುಲ್ಕವೇ ದೊಡ್ಡದು.

ದುಡ್ಡಿಗಿಂತ ಹೆಚ್ಚಾಗಿ ಇಲ್ಲಿ ಕೈಕೊಡುವುದು ದಾಖಲೆಗಳ ನಡುವಿನ ಸಣ್ಣ ವ್ಯತ್ಯಾಸಗಳು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಊರು, ತಂದೆಯ ಹೆಸರು ಸೇರಿಸಿರುತ್ತೇವೆ. ಪದವಿ ಪತ್ರದಲ್ಲಿ ಇನಿಷಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ. ಮದುವೆಯಾದ ಮೇಲೆ ಪಾಸ್‌ಪೋರ್ಟಿಗೆ ಗಂಡನ ಹೆಸರು ಸೇರಿದ್ದರೆ ಮೂರನೆಯ ರೂಪ. ವೀಸಾ ಅಧಿಕಾರಿಯ ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು. ‘ಇಬ್ಬರೂ ಒಬ್ಬರೇ’ ಎಂಬ ಅಫಿಡವಿಟ್ ಎಲ್ಲ ಕಡೆ ನಡೆಯುವುದಿಲ್ಲ, ನಡೆದರೂ ಅದಕ್ಕೆ ಮತ್ತೆ ಅಷ್ಟೇ ಮುದ್ರೆಗಳು ಬೇಕಾಗುತ್ತವೆ. ಪ್ರಾವಿಜನಲ್ ಸರ್ಟಿಫಿಕೇಟ್ ಸಾಲುವುದಿಲ್ಲ, ಘಟಿಕೋತ್ಸವದ ಪದವಿ ಪತ್ರವೇ ಬೇಕು. ಅದನ್ನು ಲ್ಯಾಮಿನೇಟ್ ಮಾಡಿಸಿದ್ದರೆ ಮುದ್ರೆ ಹಾಕಲಾಗದು, ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತರಿಸಬೇಕು. ಇದಕ್ಕೆ ತಿಂಗಳುಗಳೇ ಬೇಕಾಗಬಹುದು. ಇತ್ತ ಪೊಲೀಸ್ ಕ್ಲಿಯರೆನ್ಸ್‌ಗೆ ಸಾಮಾನ್ಯವಾಗಿ ಆರು ತಿಂಗಳ ಆಯುಷ್ಯ. ಅದನ್ನು ಮೊದಲೇ ಮಾಡಿಸಿದವರು ಪದವಿ ಪತ್ರ ಸಿಗುವಷ್ಟರಲ್ಲಿ ಅದಕ್ಕೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಹೆಸರು, ಪದವಿ, ಕೊನೆಗೆ ಪೊಲೀಸ್ ಕ್ಲಿಯರೆನ್ಸ್ ಎಂಬ ಕ್ರಮದಲ್ಲಿ ಹೋದರೆ ಈ ಖರ್ಚು ಎರಡು ಸಲ ಬೀಳುವುದಿಲ್ಲ.

ಎರಡನೆಯದು, ಇಳಿದ ಮೇಲಿನ ಖರ್ಚು. ಏಜೆಂಟರ ಅಂದಾಜಿನಲ್ಲಿ ಇದು ಇರುವುದೇ ಇಲ್ಲ. ಥಾಯ್ಲೆಂಡನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ತಿಂಗಳ ಸಂಬಳ 25,000 ಬಾತ್, ಕೋಣೆಯ ಬಾಡಿಗೆ 6,000 ಬಾತ್ ಎಂದು ಹಿಡಿಯೋಣ. ವಾಡಿಕೆಯಂತೆ ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಮುಂಗಡ ಕೊಟ್ಟರೆ 18,000. ವರ್ಷದ ವರ್ಕ್ ಪರ್ಮಿಟ್‌ಗೆ 3,100, ವಾಸದ ಅವಧಿ ವಿಸ್ತರಣೆಗೆ 1,900. ಊಟ, ಓಡಾಟಕ್ಕೆ ತಿಂಗಳಿಗೆ 10,000. ಮೊದಲ ತಿಂಗಳಲ್ಲೇ 33,000 ಬಾತ್ ಖರ್ಚಾಯಿತು, ಇದಕ್ಕೆ ವಿಮಾನದ ಟಿಕೆಟ್, ವೀಸಾ ಶುಲ್ಕ ಸೇರಿಲ್ಲ. ಮೊದಲ ಸಂಬಳ ಎರಡನೆಯ ತಿಂಗಳ ಕೊನೆಗೆ ಎಂದು ಶಾಲೆ ಹೇಳಿದರೆ ಮತ್ತೆ 16,000 ಸೇರಿ 49,000. ಎರಡು ತಿಂಗಳ ಸಂಬಳಕ್ಕೆ ಹತ್ತಿರದ ಹಣ, ಒಂದು ಬಾತ್ ಕೂಡ ಕೈಗೆ ಬರುವ ಮುನ್ನ.

ಈ ದುಡ್ಡು ಸಾಲದ್ದಾದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 2 ಲಕ್ಷ ಕೈಸಾಲ ತೆಗೆದವರು ಬಡ್ಡಿಗೇ ತಿಂಗಳಿಗೆ 6,000 ರೂಪಾಯಿ ಕಳಿಸಬೇಕು. ಸಾಲ ಹೊತ್ತು ಹೋದವರು ಕೆಟ್ಟ ಒಪ್ಪಂದದಿಂದ ಎದ್ದು ಬರಲಾಗದೆ ಉಳಿದುಬಿಡುವುದು ಇದರಿಂದಲೇ. ಏಜೆಂಟರಿಗೂ ಕೆಲವು ಶಾಲೆಗಳಿಗೂ ಇದು ಚೆನ್ನಾಗಿ ಗೊತ್ತು.

ಒಪ್ಪಂದದಲ್ಲಿ ನೋಡಬೇಕಾದ ಜಾಗಗಳು

ತಿಂಗಳ ಸಂಬಳದ ಅಂಕಿಗಿಂತ ಮೊದಲು ಒಪ್ಪಂದ ಎಷ್ಟು ತಿಂಗಳದ್ದು ಎಂದು ನೋಡಬೇಕು. ಥಾಯ್ಲೆಂಡಿನಲ್ಲಿ ಶಾಲಾ ವರ್ಷ ಮೇ ತಿಂಗಳಲ್ಲಿ ಆರಂಭವಾಗಿ ಮಾರ್ಚ್ ವೇಳೆಗೆ ಮುಗಿಯುತ್ತದೆ. ಏಜೆನ್ಸಿ ಮೂಲಕ ಹೋದವರಿಗೆ ಹಲವು ಕಡೆ ಹತ್ತು ತಿಂಗಳ ಒಪ್ಪಂದ ಮಾತ್ರ. 25,000 ಬಾತ್‌ನಂತೆ ಹತ್ತು ತಿಂಗಳಿಗೆ ಎರಡೂವರೆ ಲಕ್ಷ ಬಾತ್. ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 20,833. ರಜೆಯ ಎರಡು ತಿಂಗಳು ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಜೊತೆಗೆ, ಅಲ್ಲಿ ಕೆಲಸ ಮುಗಿದ ದಿನವೇ ಕೆಲಸದ ಆಧಾರದ ವಾಸದ ಅನುಮತಿಯೂ ಮುಗಿಯುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ನಡುವೆ ಮದುವೆಗೋ ಹಬ್ಬಕ್ಕೋ ಊರಿಗೆ ಬರುವವರು ಮರುಪ್ರವೇಶ ಪರವಾನಗಿ ಪಡೆಯದೆ ಹೊರಟರೆ ವಿಸ್ತರಣೆಯೇ ರದ್ದಾಗುತ್ತದೆ. ಒಂದು ಸಲದ ಪರವಾನಗಿಗೆ 1,000 ಬಾತ್ ಸಾಕು, ಅದನ್ನು ಮರೆತವರು ವೀಸಾದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು.

ಯುಎಇಯಲ್ಲಿ ನೋಡಬೇಕಾದ್ದು ಬೇಸಿಕ್ ಸಂಬಳ. ಗ್ರಾಚ್ಯುಟಿ ಲೆಕ್ಕವಾಗುವುದು ಬೇಸಿಕ್ ಮೇಲೆ ಮಾತ್ರ: ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಒಟ್ಟು 5,000 ದಿರ್ಹಂ ಎಂಬ ಎರಡು ಆಫರ್‌ಗಳನ್ನು ಹೋಲಿಸಿ. ಒಂದರಲ್ಲಿ ಬೇಸಿಕ್ 3,500 ಇದ್ದರೆ ವರ್ಷಕ್ಕೆ 2,450 ದಿರ್ಹಂ ಗ್ರಾಚ್ಯುಟಿ. ಇನ್ನೊಂದರಲ್ಲಿ ಬೇಸಿಕ್ 2,000, ಉಳಿದದ್ದು ಭತ್ಯೆ ಎಂದಿದ್ದರೆ 1,400 ಮಾತ್ರ. ಫೋನಿನಲ್ಲಿ ಎರಡೂ ಒಂದೇ ಸಂಬಳದಂತೆ ಕೇಳಿಸುತ್ತವೆ.

2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನು ಕಾಗದದ ಮೇಲೆ ಗಟ್ಟಿಯಾಗಿದೆ. ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಉದ್ಯೋಗಿಯಿಂದ ವಸೂಲಿ ಮಾಡುವಂತಿಲ್ಲ, ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ, ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ. ಆದರೆ ಆ ಆರು ತಿಂಗಳಲ್ಲಿ 14 ದಿನದ ನೋಟಿಸ್ ಕೊಟ್ಟು ಮಾಲೀಕ ಕೆಲಸದಿಂದ ತೆಗೆಯಬಹುದು. ಊರಲ್ಲಿದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮಕ್ಕಳ ಶಾಲೆ ಬದಲಿಸಿ ಕುಟುಂಬವನ್ನು ಕರೆದೊಯ್ಯುವುದು ಆ ಅವಧಿ ಮುಗಿದ ಮೇಲೆ ಕ್ಷೇಮ. ಸಹಿ ಮಾಡುವಾಗ ಇನ್ನೊಂದು ಎಚ್ಚರಿಕೆ: ಏಜೆಂಟ್ ಇಲ್ಲಿ ಕೊಟ್ಟ ಆಫರ್ ಲೆಟರ್‌ನ ಅಂಕಿಗಳೇ ಅಲ್ಲಿನ ಕಾರ್ಮಿಕ ಸಚಿವಾಲಯದಲ್ಲಿ ನೋಂದಣಿಯಾದ ಆಫರ್‌ನಲ್ಲೂ ಇರಬೇಕು. ವ್ಯಾಜ್ಯ ಬಂದಾಗ ನೋಂದಣಿಯಾದ ಪ್ರತಿಗೇ ಬೆಲೆ, ಅರಬ್ಬಿ ಮತ್ತು ಇಂಗ್ಲಿಷ್ ಪಠ್ಯಗಳಲ್ಲಿ ವ್ಯತ್ಯಾಸವಿದ್ದರೆ ಅರಬ್ಬಿಯದೇ ಅಂತಿಮ.

‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಬದಲಿಸೋಣ’ ಎಂಬ ಮಾತು ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಪರ್ಮಿಟ್ ಇಲ್ಲದೆ ಕೆಲಸ ಮಾಡಿಸಿದ ಮಾಲೀಕನಿಗೆ ಯುಎಇ 2024ರಲ್ಲಿ ದಂಡವನ್ನು ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಂವರೆಗೆ ಏರಿಸಿತು. ಹಾಗಿದ್ದರೂ ವಿಸಿಟ್ ವೀಸಾದಲ್ಲಿ ಪಾಠ ಮಾಡಿದ ಶಿಕ್ಷಕರ ಪರಿಸ್ಥಿತಿ ಸುಧಾರಿಸುವುದಿಲ್ಲ. ಸಂಬಳ ಸಿಗಲಿಲ್ಲವೆಂದು ದೂರಲು ಹೋದರೆ ಮೊದಲು ತಾವೇ ಅಕ್ರಮವಾಗಿ ದುಡಿದದ್ದನ್ನು ಒಪ್ಪಬೇಕಾಗುತ್ತದೆ.

ಬಾಂಡ್ ಬಗ್ಗೆ ಎರಡು ವಾದ

ಶಾಲೆಗಳ ವಾದದಲ್ಲಿ ಹುರುಳಿಲ್ಲದೆ ಇಲ್ಲ. ವೀಸಾ, ಪರ್ಮಿಟ್, ವೈದ್ಯಕೀಯ ತಪಾಸಣೆಗೆ ಖರ್ಚು ಮಾಡಿ ಕರೆಸಿಕೊಂಡ ಶಿಕ್ಷಕರು ವರ್ಷದ ನಡುವೆ ಹೆಚ್ಚು ಸಂಬಳದ ಕಡೆಗೆ ಹಾರಿದರೆ ತರಗತಿ ಖಾಲಿಯಾಗುತ್ತದೆ, ಮಕ್ಕಳ ಪಾಠ ನಿಲ್ಲುತ್ತದೆ. ಆದ್ದರಿಂದ ಅವಧಿಗೆ ಮೊದಲೇ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಬೇಕು ಎನ್ನುತ್ತಾರೆ. ಕಾರ್ಮಿಕ ಸಂಘಟನೆಗಳು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತತ್ವವನ್ನು ಮುಂದಿಡುತ್ತವೆ: ನೇಮಕಾತಿಯ ಖರ್ಚು ಉದ್ಯೋಗಿಯದಲ್ಲ, ಅದು ವ್ಯಾಪಾರದ ಖರ್ಚು. ನೇಮಕಾತಿ ಏಜೆನ್ಸಿಗಳು ಇಬ್ಬರ ನಡುವೆ ನಿಂತು, ಆಗ್ನೇಯ ಏಷ್ಯಾದ ಸಣ್ಣ ಭಾಷಾ ಕೇಂದ್ರಗಳು ತಮಗೆ ಕಮಿಷನ್ ಕೊಡುವುದಿಲ್ಲ, ಅಭ್ಯರ್ಥಿಯಿಂದ ತೆಗೆದುಕೊಳ್ಳದೆ ವಿಧಿಯಿಲ್ಲ ಎನ್ನುತ್ತವೆ. ಶಾಲೆಯ ನಷ್ಟ ನಿಜವಾದದ್ದೇ. ಆದರೆ ಅದನ್ನು ತಡೆಯಲು ಬಾಂಡ್‌ಗಿಂತ ಒಳ್ಳೆಯ ದಾರಿ ಅವಧಿ ಮುಗಿಸಿದವರಿಗೆ ಬೋನಸ್. ಬಾಂಡ್ ಕೆಟ್ಟ ಶಾಲೆಯಲ್ಲೂ ಶಿಕ್ಷಕರನ್ನು ಕಟ್ಟಿಹಾಕುತ್ತದೆ, ಬೋನಸ್ ಹಾಗೆ ಮಾಡುವುದಿಲ್ಲ.

‘ಬಾಂಡ್ ಕೋರ್ಟಿನಲ್ಲಿ ನಿಲ್ಲುವುದಿಲ್ಲ’ ಎಂಬ ಮಾತನ್ನು ನಂಬಿ ಇಲ್ಲಿ ಸಹಿ ಮಾಡಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕರ್ನಾಟಕದಿಂದಲೇ ಹೋದ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದ ಸೇವೆ ಪೂರೈಸದೆ ಬಿಟ್ಟವರು 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಅದು ಸಾರ್ವಜನಿಕ ಬ್ಯಾಂಕಿನ ನೇಮಕಾತಿ ವೆಚ್ಚ ನೋಡಿ ಕೊಟ್ಟ ತೀರ್ಪು, ಪ್ರತಿ ಏಜೆಂಟರ ಬಾಂಡಿಗೂ ಹಾಗೆಯೇ ಅನ್ವಯಿಸುವುದಿಲ್ಲ. ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ಬಾಂಡಿಗಿಂತ ಅಪಾಯಕಾರಿ, ಅದರ ಜೊತೆ ಕೇಳುವ ಖಾಲಿ ಚೆಕ್. ಸಹಿ ಮಾಡಿದ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ದಂಡ ಬೀಳಬಹುದು, ಸಾಲ ಇರಲಿಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವರದೇ. ಮೂಲ ಅಂಕಪಟ್ಟಿಗಳನ್ನು ಏಜೆಂಟರ ಕಪಾಟಿನಲ್ಲಿ ಬಿಟ್ಟು ಹೋಗುವುದೂ ಖಾಲಿ ಚೆಕ್ ಕೊಟ್ಟಷ್ಟೇ ಕೆಟ್ಟದ್ದು.

ಸಂಸ್ಥೆಯೇ ಮುಳುಗಿದರೆ

ಒಪ್ಪಂದ ಎಷ್ಟೇ ಚೆನ್ನಾಗಿದ್ದರೂ ಈ ಉದ್ಯಮ ನಡೆಯುವುದು ಪೋಷಕರು ಮುಂಗಡ ಕಟ್ಟಿದ ಶುಲ್ಕದಲ್ಲಿ. ಹೊಸ ದಾಖಲಾತಿ ನಿಂತರೆ ಮೊದಲು ನಿಲ್ಲುವುದು ಸಂಬಳ. ಜಪಾನಿನ ನೋವಾ ಎಂಬ ದೊಡ್ಡ ಇಂಗ್ಲಿಷ್ ಶಾಲಾ ಸರಣಿ 2007ರ ಅಕ್ಟೋಬರ್‌ನಲ್ಲಿ ಕುಸಿದಾಗ ಸುಮಾರು 4,000 ವಿದೇಶಿ ಶಿಕ್ಷಕರು ಬೀದಿಗೆ ಬಿದ್ದರು. ಸಂಬಳದಿಂದ ಮುರಿದುಕೊಂಡ ಬಾಡಿಗೆಯನ್ನು ಕಂಪನಿ ಮನೆ ಮಾಲೀಕರಿಗೆ ಕಟ್ಟದಿದ್ದುದರಿಂದ ಕೆಲವರು ಮನೆಯನ್ನೂ ಕಳೆದುಕೊಂಡರು. ವಿಯೆಟ್ನಾಂನ ಅಪಾಕ್ಸ್ ಲೀಡರ್ಸ್ ಕೇಂದ್ರಗಳು 2022ರಿಂದ ಒಂದೊಂದಾಗಿ ಮುಚ್ಚಿದಾಗ ಶಿಕ್ಷಕರ ಸಂಬಳವೂ ಪೋಷಕರ ಶುಲ್ಕವೂ ಸಿಕ್ಕಿಹಾಕಿಕೊಂಡವು. ಚೀನಾದಲ್ಲಿ 2021ರ ಜುಲೈನಲ್ಲಿ ಸರ್ಕಾರವೇ ಶಾಲಾ ವಿಷಯಗಳ ಲಾಭದ ಟ್ಯೂಷನ್ ನಿಷೇಧಿಸಿ ಇಡೀ ಉದ್ಯಮವನ್ನು ಕೆಲವೇ ತಿಂಗಳಲ್ಲಿ ಕುಗ್ಗಿಸಿತು.

ಇದರಿಂದ ಹೊರಡುವ ಪಾಠ ಲೆಕ್ಕದ್ದು. ಸಂಸ್ಥೆ ಕೊಟ್ಟ ಮನೆ, ಸಂಸ್ಥೆ ಮಾಡಿಸಿದ ವೀಸಾ, ಸಂಸ್ಥೆಯ ಸಂಬಳ ಮೂರೂ ಒಂದೇ ದಿನ ನಿಲ್ಲಬಹುದು. ವಾಪಸ್ ಟಿಕೆಟ್ ಮತ್ತು ಎರಡು ತಿಂಗಳ ಖರ್ಚು ಭಾರತದ ಬ್ಯಾಂಕ್ ಖಾತೆಯಲ್ಲಿ ಮುಟ್ಟದೆ ಇರಬೇಕು. ಸಂಬಳ ಒಮ್ಮೆ ತಡವಾದರೆ ವಿಚಾರಿಸಬೇಕು, ಎರಡನೇ ಸಲ ತಡವಾದರೆ ಬೇರೆ ಕೆಲಸ ಹುಡುಕಲು ಶುರು ಮಾಡಬೇಕು. ಮೂರನೇ ತಿಂಗಳವರೆಗೆ ಕಾದವರಿಗೆ ಬರಬೇಕಾದ ಬಾಕಿ ದೊಡ್ಡದಾಗುತ್ತದೆ, ಸಿಗುವ ಸಾಧ್ಯತೆ ಚಿಕ್ಕದಾಗುತ್ತದೆ.

ಮಸೂದೆ ಬದಲಿಸಬಲ್ಲದ್ದು, ಬದಲಿಸಲಾಗದ್ದು

ಹೊಸ ಕಾನೂನು ಏಜೆನ್ಸಿಗಳ ನೋಂದಣಿಯನ್ನು ಬಿಗಿ ಮಾಡಬಹುದು, ದಂಡ ಹೆಚ್ಚಿಸಬಹುದು, ಹೊರಡುವವರಿಗೆ ಮಾಹಿತಿ ಕೊಡುವ ವ್ಯವಸ್ಥೆ ತರಬಹುದು. ಪದವೀಧರರ ಒಪ್ಪಂದವನ್ನೂ ಯಾರಾದರೂ ಹೊರಡುವ ಮುನ್ನ ಓದುವ ಏರ್ಪಾಡು ಅದರಲ್ಲಿ ಬರಲೇಬೇಕು. 2018ರಂತೆ ನಿಲ್ದಾಣದಲ್ಲಿ ತಡೆಯುವ ರೂಪದಲ್ಲಲ್ಲ, ಏಜೆನ್ಸಿಯೇ ಒಪ್ಪಂದದ ಪ್ರತಿಯನ್ನು ಮೊದಲೇ ಸರ್ಕಾರಕ್ಕೆ ಒಪ್ಪಿಸುವ ರೂಪದಲ್ಲಿ. ಆದರೆ ಭಾರತದ ಯಾವ ಕಾನೂನೂ ಬ್ಯಾಂಕಾಕಿನ ಶಾಲೆಯಿಂದ ಸಂಬಳ ಕೊಡಿಸಲಾರದು. ಆ ಜಗಳ ನಡೆಯುವುದು ಅಲ್ಲಿನ ಕಾನೂನಿನಡಿ, ಅಲ್ಲಿನ ಕಾರ್ಮಿಕ ಇಲಾಖೆಯ ಮುಂದೆ.

ಆದ್ದರಿಂದ ದಾಖಲೆ ಇಟ್ಟುಕೊಳ್ಳುವ ಕೆಲಸ ಮೊದಲ ದಿನದಿಂದಲೇ ನಡೆಯಬೇಕು: ಎರಡೂ ಕಡೆಯವರು ಸಹಿ ಮಾಡಿದ ಒಪ್ಪಂದದ ಪ್ರತಿ, ಪ್ರತಿ ತಿಂಗಳ ವೇಳಾಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಬಗ್ಗೆ ಬಂದ ವಾಟ್ಸ್ಆ್ಯಪ್ ಸಂದೇಶಗಳು. ಶಾಲೆಯ ಇಮೇಲ್ ಖಾತೆ ಕೆಲಸ ಬಿಟ್ಟ ದಿನ ಮುಚ್ಚುತ್ತದೆ, ಹಾಗಾಗಿ ಇವೆಲ್ಲ ಸ್ವಂತ ಖಾತೆಯಲ್ಲಿರಲಿ. ರಾಯಭಾರ ಕಚೇರಿಗೆ ದೂರು ಹೋಗುವುದು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದ ಮೂಲಕ. ತೀರಾ ಕೈ ಖಾಲಿಯಾದವರ ವಾಪಸಾತಿಗೆ 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಸಿಗಬಹುದು. ಯುಎಇಯಲ್ಲಿ 50,000 ದಿರ್ಹಂ ಮೀರದ ಬಾಕಿಯಾದರೆ ಕಾರ್ಮಿಕ ಸಚಿವಾಲಯವೇ ತೀರ್ಮಾನ ಕೊಡುತ್ತದೆ, ಕೋರ್ಟಿನವರೆಗೆ ಹೋಗಲೇಬೇಕೆಂದಿಲ್ಲ. ಹೆಚ್ಚಿನ ಶಿಕ್ಷಕರ ಸಂಬಳ ಬಾಕಿ ಈ ಮಿತಿಯೊಳಗೇ ಬರುತ್ತದೆ. ದೂರು ಕೊಡಲು ಕೆಲಸ ಮುಗಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಆದರೆ ಆ ದೂರು ಬಗೆಹರಿಯುವ ಮೊದಲೇ ‘ನನಗೆ ಬರಬೇಕಾದ್ದೆಲ್ಲ ಬಂದಿದೆ’ ಎಂಬ ಕಾಗದಕ್ಕೆ ಸಹಿ ಮಾಡಿದರೆ ಆ ಎರಡು ವರ್ಷ ಉಪಯೋಗಕ್ಕೆ ಬರುವುದು ಕಷ್ಟ. ವೀಸಾ ರದ್ದತಿಗೆ ಸಹಿ ಹಾಕಿಸುವ ಕಾಗದಗಳ ನಡುವೆಯೇ ಅದು ಇರುತ್ತದೆ.